ಒಂಟಿ ಗಾಯಕನನ್ನು ಮೆಚ್ಚಿಕೊಳ್ಳುವ ವಿಧಾನ

ಬಳಕೆಗೆ ಮುನ್ನ ಪೂರ್ತಿ ಓದಿಕೊಳ್ಳಿ. ಓದಿದ ಮೇಲೆ ಎಸೆಯಬೇಡಿ. ಗಿಟಾರು ಕಂಡ ಕೂಡಲೇ ಕಣ್ಣು ಮುಚ್ಚಿಕೊಳ್ಳುವ ನೆಂಟರು ಎಲ್ಲರ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ, ಅವರು ಬಂದಾಗ ಬೇಕಾಗುತ್ತದೆ.

ಪೆಟ್ಟಿಗೆಯಲ್ಲಿ ಏನೇನಿದೆ

ಈ ಕೈಪಿಡಿ ಬೋನ್ ಈವೇರ್ ಎಂಬ ಹೆಸರಿನಲ್ಲಿ ಬಂದ ‘ಫಾರ್ ಎಮ್ಮಾ, ಫಾರೆವರ್ ಅಗೋ’ ಆಲ್ಬಮ್ಮಿಗಾಗಿ ತಯಾರಾದದ್ದು. ಅದೇ ಜಾತಿಯ ಬೇರೆ ಆಲ್ಬಮ್ಮುಗಳಿಗೂ ಅಷ್ಟಿಷ್ಟು ತಿದ್ದಿಕೊಂಡರೆ ಒಗ್ಗುತ್ತದೆ. ಪೆಟ್ಟಿಗೆ ತೆರೆದಾಗ ಸಿಗಬೇಕಾದ ಸಾಮಾನು ಇಷ್ಟು: 9 ಹಾಡು, ಎಲ್ಲ ಸೇರಿ ಸುಮಾರು 37 ನಿಮಿಷ, ಒಬ್ಬನೇ ಗಂಡಸಿನ ಲೆಕ್ಕವಿಲ್ಲದಷ್ಟು ದನಿ, ಗಿಟಾರು, ಅಲ್ಲಲ್ಲಿ ಡ್ರಮ್ಮಿನ ಗುದ್ದು, ಒಂದು ಕಡೆ ಶಿಳ್ಳೆ, ಒಂದು ಕಡೆ ತುತ್ತೂರಿ. ಇದರ ಜೊತೆ ಒಂದು ಕ್ಯಾಬಿನ್ ಉಚಿತ. ಪೆಟ್ಟಿಗೆಯಲ್ಲಿ ಕ್ಯಾಬಿನ್ ಕಾಣದಿದ್ದರೆ ಗಾಬರಿ ಬೇಡ. ಈ ಆಲ್ಬಮ್ಮಿನ ಬಗ್ಗೆ ಯಾರು ಬರೆದದ್ದನ್ನು ತೆಗೆದರೂ ಮೊದಲ ಪ್ಯಾರಾದಲ್ಲೇ ಇರುತ್ತದೆ. ಕಡೆಗೆ ಈ ಕೈಪಿಡಿಯಲ್ಲೂ ಎರಡನೆಯದರಲ್ಲಿ ಬಂದುಬಿಟ್ಟಿತು.

ಕ್ಯಾಬಿನ್ ಅಳವಡಿಸಿಕೊಳ್ಳುವುದು

ಬೋನ್ ಈವೇರ್ ಎಂಬ ಹೆಸರಿನ ಹಿಂದಿರುವ ಜಸ್ಟಿನ್ ವರ್ನನ್ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓ ಕ್ಲೇರ್ ಊರಿನವನು. ಊರಿನ ಗೆಳೆಯರೆಲ್ಲ ಸೇರಿ ಕಟ್ಟಿದ ಡಿಯಾರ್ಮಂಡ್ ಎಡಿಸನ್ ಎಂಬ ಬ್ಯಾಂಡಿನೊಂದಿಗೆ ನಾರ್ತ್ ಕ್ಯಾರೊಲೈನಾದ ರಾಲಿ ಪಟ್ಟಣಕ್ಕೆ ಹೋದ. ಅಲ್ಲಿ ಬ್ಯಾಂಡು ಒಡೆಯಿತು. ಪ್ರೀತಿ ಮುರಿಯಿತು. ಸೋಂಕು ತಗುಲಿ ಅದು ಯಕೃತ್ತಿಗೂ ಹಬ್ಬಿ ಹಾಸಿಗೆ ಹಿಡಿದ. ಸಾಲದ್ದಕ್ಕೆ ಆನ್‌ಲೈನ್ ಪೋಕರ್ ಆಡಿ ಕೈಯಲ್ಲಿದ್ದ ಕಾಸೂ ಕಳೆದುಕೊಂಡ. 2006ರ ಕೊನೆಗೆ ಊರ ಕಡೆ ಹೊರಟವನು ವಿಸ್ಕಾನ್ಸಿನ್ನಿನ ವಾಯವ್ಯ ಭಾಗದಲ್ಲಿದ್ದ ಅಪ್ಪನ ಬೇಟೆ ಕ್ಯಾಬಿನ್ನಿಗೆ ಹೋಗಿ ಸೇರಿಕೊಂಡ. ಚಳಿಗಾಲದ ಸುಮಾರು ಮೂರು ತಿಂಗಳು ಅಲ್ಲೇ. ಸೌದೆ ಒಡೆಯುವುದು, ಜಿಂಕೆ ಮಾಂಸ, ಮತ್ತೆ ಹಾಡು. ಕೈಯಲ್ಲಿದ್ದದ್ದು ಹಳೆಯ ಮ್ಯಾಕ್ ಕಂಪ್ಯೂಟರು, ಹಳೆಯ ಸಿಲ್ವರ್‌ಟೋನ್ ಗಿಟಾರು, ಶೂರ್ ಎಸ್‌ಎಂ57 ಮೈಕು. ಈ ಮೈಕು ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಡ್ರಮ್ಮಿನ ಪಕ್ಕ ಕುತ್ತಿಗೆ ಬಾಗಿಸಿಕೊಂಡು ನಿಂತಿರುತ್ತದಲ್ಲ, ಅದೇ.

ಈಗ ಅಳವಡಿಕೆ. ಕಣ್ಣು ಮುಚ್ಚಿ. ಸುತ್ತ ಹಿಮ ಬೀಳಲಿ. ಬೆಂಗಳೂರಿನ ಗ್ರಾಹಕರು ಫ್ಯಾನನ್ನು ಐದಕ್ಕೆ ತಿರುಗಿಸಿಕೊಳ್ಳಬಹುದು. ಮಲೆನಾಡಿನವರಿಗೆ ಆಷಾಢದ ಮಳೆ ನಡೆಯುತ್ತದೆ. ರಾಯಚೂರಿನವರು ಡಿಸೆಂಬರಿನ ತನಕ ಕಾಯುವುದು ಒಳ್ಳೆಯದು, ಇಲ್ಲವೇ ಎರಡನೇ ಹಾಡಿನ ಹೊತ್ತಿಗೆ ಕ್ಯಾಬಿನ್ ಕರಗಿ ಹೋಗುವ ಸಂಭವವಿದೆ. ಮುರಿದ ಪ್ರೀತಿಯೊಂದು ಕೈಗೆಟುಕುವಂತಿರಲಿ. ಸ್ವಂತದ್ದು ಇಲ್ಲದವರು ಗೆಳೆಯರಿಂದ ಕಡ ತರಬಹುದು. ಸುಖವಾಗಿ ಸಂಸಾರ ಮಾಡಿಕೊಂಡಿರುವವರಲ್ಲಿ ಈ ಆಲ್ಬಮ್ ಕೆಲಸ ಮಾಡುವುದಿಲ್ಲ ಎಂಬ ದೂರು ಹಿಂದಿನಿಂದಲೂ ಇದೆ. ಅದು ಸುಳ್ಳು. ಅವರು ಅಡುಗೆಮನೆಯಲ್ಲಿ ಒಬ್ಬರೇ ಇದ್ದಾಗ ಹಾಕಿಕೊಂಡು ಕೇಳುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ.

ಎಚ್ಚರಿಕೆ: ಕ್ಯಾಬಿನ್ನಿನ ಅತಿಬಳಕೆಯಿಂದ ಕಿವಿಗೆ ಹಾನಿಯಾಗಬಹುದು. ಗಿಟಾರು ಹಿಡಿದು ಒಬ್ಬನೇ, ಒಬ್ಬಳೇ ಹಾಡುವವರ ಆಲ್ಬಮ್ಮುಗಳಿಗೆಲ್ಲ ಒಂದು ಸ್ಥಳಪುರಾಣ ಬೇಕೇ ಬೇಕು ಎಂದು ನಾವು ಕೇಳುಗರು ಹಟ ಹಿಡಿದು ಬಹಳ ಕಾಲವಾಯಿತು. ಇಂಗ್ಲೆಂಡಿನ ವಾಷ್ಟಿ ಬನ್ಯನ್ ಹೆಸರು ತೆಗೆಯಿರಿ, ಲಂಡನ್ನಿನಿಂದ ಸ್ಕಾಟ್ಲೆಂಡಿನ ದ್ವೀಪಗಳ ಕಡೆ ಕುದುರೆ ಗಾಡಿಯಲ್ಲಿ ಹೊರಟ ಕಥೆ ಬರುತ್ತದೆ. 1970ರ ಅವಳ ಆಲ್ಬಮ್ ಯಾರಿಗೂ ಬೇಡವಾಗಿ, ಅವಳು ಹಾಡುವುದನ್ನೇ ಬಿಟ್ಟು, ಮತ್ತೆ 2000ದಲ್ಲಿ ಮರುಮುದ್ರಣವಾದ ಮೇಲೆ ಜನ ಮುಗಿಬಿದ್ದರು. ಮುಗಿಬಿದ್ದವರಲ್ಲಿ ಕುದುರೆಯನ್ನು ಬಲ್ಲಷ್ಟು ಜನ ಹಾಡನ್ನು ಬಲ್ಲರೋ ಇಲ್ಲವೋ. ನಿಕ್ ಡ್ರೇಕ್ ಎಂದರೆ, 1971ರ ಅಕ್ಟೋಬರಿನ ಎರಡೇ ರಾತ್ರಿಗಳಲ್ಲಿ ‘ಪಿಂಕ್ ಮೂನ್’ ಮುಗಿಸಿದ ಕಥೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಬಾಡಿಗೆ ಮನೆಯಲ್ಲಿ ಕೂತು ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ‘ನೆಬ್ರಾಸ್ಕಾ’ ಹಾಡಿಕೊಂಡ ಕಥೆ. ಎಲ್ಲವೂ ನಡೆದದ್ದೇ. ಆದರೆ ಲಗ್ನಪತ್ರಿಕೆ ಓದಿ ಊಟ ಚೆನ್ನಾಗಿತ್ತು ಅಂದಹಾಗೆ ಆಗಬಾರದು.

ಕ್ಯಾಬಿನ್ನಿನಿಂದ ಏನೇನು ಹೊರಗಿತ್ತು ಎಂಬುದನ್ನೂ ಗ್ರಾಹಕರು ತಿಳಿದಿರತಕ್ಕದ್ದು. ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡಿನಲ್ಲಿ ಕೇಳುವ ತುತ್ತೂರಿಗಳನ್ನು ಕಾಡಿನಲ್ಲಿ ಯಾರೂ ಊದಲಿಲ್ಲ, ಆಮೇಲೆ ಬೇರೆಯವರು ಊದಿ ಸೇರಿಸಿದ್ದು. ಕೊನೆಯ ಹಾಡು ‘ರಿ: ಸ್ಟ್ಯಾಕ್ಸ್’ ಅನ್ನು ಹಿಮದ ಧ್ಯಾನವೆಂದು ತಿಳಿದು ಕಣ್ಣೀರಿಟ್ಟವರು ಬಹಳ. ಅದರ ರಾಶಿಗಳು ಪೋಕರಿನ ಬಿಲ್ಲೆಗಳ ರಾಶಿ. ಎಲ್ಲಕ್ಕಿಂತ ಮುಖ್ಯವಾಗಿ, ವರ್ನನ್ ಇದನ್ನು ಆಲ್ಬಮ್ ಎಂದು ತಿಳಿದೇ ಇರಲಿಲ್ಲ. ಮುಂದೆ ಚೆನ್ನಾಗಿ ರೆಕಾರ್ಡ್ ಮಾಡಿಕೊಳ್ಳಲು ಇದು ಕಚ್ಚಾ ಪ್ರತಿ ಎಂದುಕೊಂಡಿದ್ದ. ಕೇಳಿದ ಗೆಳೆಯರು ಹೀಗೇ ಇರಲಿ, ಮುಟ್ಟಬೇಡ ಅಂದರು. 2007ರ ಜುಲೈನಲ್ಲಿ 500 ಸಿಡಿ ಹಾಕಿಸಿ ತಾನೇ ಹೊರತಂದ. 2008ರ ಫೆಬ್ರವರಿಯಲ್ಲಿ ಇಂಡಿಯಾನಾದ ಜಗ್‌ಜಗುವರ್ ಎಂಬ ಸಣ್ಣ ಕಂಪನಿ ಅದನ್ನೇ ಮತ್ತೆ ಹೊರತಂದಿತು. ಆ ಗೆಳೆಯರು ಆವತ್ತು ಸುಮ್ಮನೆ ಭುಜ ತಟ್ಟಿ “ಚೆನ್ನಾಗಿದೆ ಮಾರಾಯ, ಸ್ಟುಡಿಯೋಗೆ ಹೋಗಿ ನೀಟಾಗಿ ಮಾಡು” ಅಂದಿದ್ದರೆ ಈ ಕೈಪಿಡಿಯ ಅಗತ್ಯ ಬೀಳುತ್ತಿರಲಿಲ್ಲ. ಒಂಟಿತನದ ಈ ಮಹಾಕೃತಿಯಲ್ಲಿ ನಾಲ್ಕು ಜನ ಸೇರಿ ಕೈಗೊಂಡ ತೀರ್ಮಾನ ಅದು, ಅದೂ ಕೇಳುಗರದ್ದು. ಇದನ್ನು ಯಾರೂ ಮೊದಲ ಪ್ಯಾರಾದಲ್ಲಿ ಬರೆಯುವುದಿಲ್ಲ. ಗೆಳೆಯರ ಅಭಿಪ್ರಾಯದ ಮೇಲೆ ಹಿಮ ಬೀಳುವುದಿಲ್ಲವಲ್ಲ.

ದನಿಗಳನ್ನು ಬಿಡಿಸಿ ಕೇಳುವುದು

ಕ್ಯಾಬಿನ್ ಕಳಚಿ ಪಕ್ಕಕ್ಕಿಡಿ. ಹೆಡ್‌ಫೋನ್ ಹಾಕಿಕೊಳ್ಳಿ. ಫೋನಿನ ಸ್ಪೀಕರಿನಲ್ಲಿ ಈ ಆಲ್ಬಮ್ ಕೇಳಿ ಏನೂ ಅನಿಸಲಿಲ್ಲ ಎಂದು ಬರುವ ದೂರುಗಳನ್ನು ಸ್ವೀಕರಿಸಲಾಗುವುದಿಲ್ಲ.

ಮೊದಲು ಕಿವಿಗೆ ಬೀಳುವುದು ವರ್ನನ್ನನ ತೆಳ್ಳಗಿನ ಮೇಲುದನಿ. ಸಂಗೀತದ ಪಾಠದಲ್ಲಿ ಹೀಗೆ ಹಾಡಿದರೆ ನಮ್ಮ ಮೇಷ್ಟರು “ಕಳ್ಳದನಿ ಬೇಡ, ಹೊಟ್ಟೆಯಿಂದ ಹಾಡು” ಎಂದು ತೊಡೆಗೆ ಒಂದು ಬಿಗಿಯುತ್ತಿದ್ದರು. ಈತನ ಸ್ವಂತ ದನಿ ತಗ್ಗಿನದು, ದಪ್ಪಗಿನದು. ಹಿಂದಿನ ಬ್ಯಾಂಡಿನಲ್ಲಿ ಹಾಡುತ್ತಿದ್ದದ್ದು ಆ ದನಿಯಲ್ಲೇ. ಕ್ಯಾಬಿನ್ನಿನಲ್ಲಿ ಅದನ್ನು ಬಿಟ್ಟು ಮೇಲಕ್ಕೆ ಹತ್ತಿದ. ಕಳ್ಳದನಿಗೆ ಒಂದು ಕೊರತೆ ಇದೆ: ಒಂಟಿಯಾಗಿ ಬಿಟ್ಟರೆ ಸೋರುತ್ತದೆ, ಉಸಿರು ಹೆಚ್ಚು, ಮೈ ಕಡಿಮೆ. ಅದಕ್ಕೆ ವರ್ನನ್ ಮಾಡಿದ ಉಪಾಯವೇ ಈ ಆಲ್ಬಮ್ಮಿನ ನಿಜವಾದ ಕಸುಬು. ಒಂದು ಸಾಲು ಹಾಡಿ ತುಂಬಿಕೊಳ್ಳುವುದು, ಅದನ್ನೇ ಕಿವಿಗೆ ಹಾಕಿಕೊಂಡು ಅದರ ಮೇಲೆ ಮತ್ತೊಮ್ಮೆ ಹಾಡುವುದು, ಅದರ ಮೇಲೆ ಮತ್ತೊಮ್ಮೆ. ಯಾವ ಮನುಷ್ಯನೂ ಒಂದೇ ಸಾಲನ್ನು ಎರಡು ಸಲ ಒಂದೇ ಥರ ಹಾಡಲಾರ. ಶ್ರುತಿ ಕೂದಲೆಳೆಯಷ್ಟು ಸರಿಯುತ್ತದೆ, ವ್ಯಂಜನ ಕ್ಷಣದ ಚೂರಿನಷ್ಟು ತಡವಾಗುತ್ತದೆ. ಆ ವ್ಯತ್ಯಾಸಗಳು ಒಂದರ ಮೇಲೊಂದು ಕೂತಾಗ ಕಿವಿಗೆ ಅದು ಒಬ್ಬನ ದನಿಯೆಂದು ಅನಿಸುವುದು ನಿಲ್ಲುತ್ತದೆ, ಒಂದು ಗುಂಪೆಂದು ಕೇಳತೊಡಗುತ್ತದೆ. ಕಂಪ್ಯೂಟರಿನಲ್ಲಿ ಒಂದೇ ದನಿಯನ್ನು ಹತ್ತು ಸಲ ನಕಲು ಮಾಡಿ ಅಂಟಿಸಿದರೆ ಈ ಪರಿಣಾಮ ಬರುವುದಿಲ್ಲ, ಸದ್ದು ಜೋರಾಗುತ್ತದೆ ಅಷ್ಟೆ. ಹತ್ತು ಸಲವೂ ಬಾಯಿ ತೆರೆದೇ ಹಾಡಬೇಕು.

ಅಭ್ಯಾಸ: ‘ಲಂಪ್ ಸಮ್’ ಹಾಡಿನ ಶುರುವಿಗೆ ಇಗರ್ಜಿಯ ಮೇಳದಂಥ ಒಂದು ದನಿರಾಶಿ ಇದೆ. ಅದನ್ನು ಕೇಳಿ, ಎಷ್ಟು ಜನ ಹಾಡುತ್ತಿದ್ದಾರೆ ಎಂದು ಎಣಿಸಲು ಪ್ರಯತ್ನಿಸಿ. ಎಣಿಕೆ ತಪ್ಪುತ್ತದೆ, ತಪ್ಪಲೇಬೇಕು. ತಪ್ಪಿದ ಮೇಲೆ, ಇದೆಲ್ಲ ಒಬ್ಬನೇ ಕೂತು ಹಾಡಿದ್ದು ಎಂಬುದನ್ನು ನೆನೆದುಕೊಂಡು ಮತ್ತೆ ಕೇಳಿ. ಇಲ್ಲಿ ಹಲವರಿಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅದು ದೋಷವಲ್ಲ. ಒಬ್ಬಂಟಿಯಾದವನು ತನ್ನ ಸುತ್ತ ತನ್ನದೇ ದನಿಯ ಜನರನ್ನು ಕೂರಿಸಿಕೊಂಡು ಹಾಡುತ್ತಿದ್ದಾನೆ ಎಂಬುದು, ಕ್ಯಾಬಿನ್ನಿನ ಸೂರು, ಹಿಮ ಯಾವುದರ ನೆರವೂ ಇಲ್ಲದೆ, ಬರೀ ಕಿವಿಯಿಂದಲೇ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇದು ಆ ಕಥೆಗಿಂತ ಎಷ್ಟೋ ದೊಡ್ಡದು. ಕಥೆ ಯಾರ ಬಾಯಲ್ಲಾದರೂ ಕೇಳಿಯೇವು, ಇದನ್ನು ಆಲ್ಬಮ್ಮಿನಿಂದ ಮಾತ್ರ.

ಸಾಹಿತ್ಯದ ಬಳಕೆ

ಮೊದಲ ವಾರ ಸಾಹಿತ್ಯವನ್ನು ಹುಡುಕಿ ಓದಬೇಡಿ. ಓದಿದರೂ ದೊಡ್ಡ ಲಾಭವಿಲ್ಲ. ವರ್ನನ್ ಮೊದಲು ಅರ್ಥವಿಲ್ಲದ ಅಕ್ಷರಗಳಲ್ಲಿ ಮಟ್ಟನ್ನು ಹಾಡಿ ತುಂಬಿಕೊಂಡು, ಅದನ್ನೇ ಮತ್ತೆ ಮತ್ತೆ ಕೇಳುತ್ತ, ಆ ಸದ್ದಿನೊಳಗೆ ಯಾವ ಮಾತು ಅಡಗಿದೆಯೆಂದು ಹುಡುಕಿ ಬರೆದುಕೊಂಡವನು. ಕನ್ನಡದ ಗ್ರಾಹಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಿನಿಮಾ ಹಾಡುಗಳಲ್ಲಿ ಸಂಗೀತ ನಿರ್ದೇಶಕರು “ತಾನನ ತನ್ನಾನ” ಅಂತಲೋ ಬಾಯಿಗೆ ಬಂದ ಡಮ್ಮಿ ಸಾಲುಗಳಲ್ಲೋ ಟ್ಯೂನ್ ಕೊಟ್ಟು, ಸಾಹಿತಿ ಅದಕ್ಕೆ ಮಾತು ಕೂರಿಸುತ್ತಾರೆ. ಮೀಟರಿಗೆ ಬರೆಯುವವರೆಂದು ಅವರನ್ನು ಎರಡನೇ ದರ್ಜೆಗೆ ತಳ್ಳುವ ಪಂಡಿತರೇ ವಿಸ್ಕಾನ್ಸಿನ್ನಿನಲ್ಲಿ ಅದೇ ಕೆಲಸ ನಡೆದರೆ ಒಳಮನಸ್ಸಿನ ಅಭಿವ್ಯಕ್ತಿ ಅನ್ನುತ್ತಾರೆ. ವ್ಯತ್ಯಾಸ ಒಂದಿದೆ, ಒಪ್ಪಬೇಕು: ಇಲ್ಲಿ ಟ್ಯೂನ್ ಕೊಟ್ಟವನೂ ಮಾತು ಕೂರಿಸಿದವನೂ ಒಬ್ಬನೇ, ನಿರ್ಮಾಪಕರ ಫೋನು ಬರುವ ಭಯವೂ ಇರಲಿಲ್ಲ. ಆದ್ದರಿಂದ ಕೆಲವು ಸಾಲುಗಳಿಗೆ ಅರ್ಥ ಕೂಡಿಬರಲೇ ಇಲ್ಲ, ಹಾಗೇ ಬಿಟ್ಟ.

ಎಮ್ಮಾ ಯಾರು ಎಂಬ ಪ್ರಶ್ನೆ ಪ್ರತಿಯೊಬ್ಬ ಹೊಸ ಗ್ರಾಹಕನಿಗೂ ಬರುತ್ತದೆ. ಹುಡುಕಲು ಹೊರಟವರು ದಯವಿಟ್ಟು ಮನೆಗೆ ಮರಳಿ. ಎಮ್ಮಾ ಒಬ್ಬ ವ್ಯಕ್ತಿಯಲ್ಲ, ಮನುಷ್ಯ ಸಿಕ್ಕಿಹಾಕಿಕೊಳ್ಳುವ ಒಂದು ಜಾಗ ಎಂಬ ಅರ್ಥದ ಮಾತನ್ನು ವರ್ನನ್ನೇ ಆಡಿದ್ದಾನೆ. ಇದನ್ನು ಹೇಳಿದಾಗಲೆಲ್ಲ ಕೇಳುಗರ ಮುಖ ಸಣ್ಣದಾಗುವುದನ್ನು ಕಂಡಿದ್ದೇನೆ. ಒಬ್ಬಳು ಹುಡುಗಿ ಇದ್ದಿದ್ದರೆ ಎಷ್ಟು ಅನುಕೂಲವಿತ್ತು!

ಮೆಚ್ಚುಗೆಯನ್ನು ಹೊರಗೆ ಹಾಕುವುದು

ಈ ಕೆಳಗಿನ ಮಾತುಗಳ ಬಳಕೆಯನ್ನು ನಿಷೇಧಿಸಲಾಗಿದೆ: ಕಾಡುವ ಹಾಡುಗಳು, ಮೌನದ ಮಾತು, ಹೃದಯಕ್ಕೆ ನೇರ ಇಳಿಯುತ್ತದೆ, ಆತ್ಮಕ್ಕೆ ತಂಪು. “ಪ್ರಾಮಾಣಿಕವಾದ ಸಂಗೀತ” ಎಂಬುದನ್ನು ವೈದ್ಯರ ಚೀಟಿ ಇದ್ದರೆ ಮಾತ್ರ ಬಳಸಬಹುದು. ಒಬ್ಬ ಮನುಷ್ಯ ಕಳ್ಳದನಿಯಲ್ಲಿ, ತನ್ನದೇ ದನಿಯ ಮೇಲೆ ದನಿ ಪೇರಿಸಿ, ಅರ್ಥವಿಲ್ಲದ ಅಕ್ಷರಕ್ಕೆ ಮಾತು ಹೊಂದಿಸಿ, ಇಲ್ಲದ ಮೇಳವನ್ನು ಮಾಡಿ ತೋರಿಸಿದ್ದಾನೆ. ಇದಕ್ಕೆ ಪ್ರಾಮಾಣಿಕತೆ ಅನ್ನುವುದಕ್ಕಿಂತ ಕೈಚಳಕ ಅನ್ನುವುದು ಹೆಚ್ಚು ಗೌರವದ ಮಾತು. ಪ್ರಾಮಾಣಿಕರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ಹಾಡಲು ಬರುವುದಿಲ್ಲ.

ಇನ್ನೊಂದು ತೊಂದರೆ ಹಳೆಯ ಗ್ರಾಹಕರಲ್ಲಿ ಕಾಣುತ್ತದೆ. ಅದರ ಲಕ್ಷಣ: “ನಾನು ಇವನನ್ನು ಆಗಲೇ ಕೇಳಿದ್ದೆ.” ಆಲ್ಬಮ್ ಎಷ್ಟು ಸಣ್ಣದಾಗಿ ಶುರುವಾಗಿತ್ತೋ ಈ ರೋಗ ಅಷ್ಟು ಜೋರು. ಆ ಮೊದಲ 500 ಸಿಡಿಗಳನ್ನು ಕೊಂಡೆವು ಎಂದು ಹೇಳುವವರನ್ನೆಲ್ಲ ಕೂಡಿಸಿದರೆ ಒಂದು ತಾಲೂಕು ಸಮ್ಮೇಳನಕ್ಕೆ ಸಾಕು. 2010ರಲ್ಲಿ ಕಾನ್ಯೆ ವೆಸ್ಟ್ ಈತನ ‘ವುಡ್ಸ್’ ಹಾಡಿನ ದನಿಯನ್ನು ತನ್ನ ಆಲ್ಬಮ್ಮಿಗೆ ಎತ್ತಿಕೊಂಡಾಗ, 2011ರಲ್ಲಿ ಬರ್ಡಿ ಎಂಬ ಹದಿಹರೆಯದ ಇಂಗ್ಲಿಷ್ ಹುಡುಗಿ ‘ಸ್ಕಿನ್ನಿ ಲವ್’ ಅನ್ನು ಪಿಯಾನೋ ಮೇಲೆ ಹಾಡಿ ಮನೆಮಾತಾದಾಗ ಈ ಗ್ರಾಹಕರಿಗೆ ಜ್ವರ ಏರಿತು. 2012ರ ಫೆಬ್ರವರಿಯಲ್ಲಿ ಗ್ರ್ಯಾಮಿಯವರು ಬೋನ್ ಈವೇರ್‌ಗೆ ವರ್ಷದ ಉತ್ತಮ ಹೊಸ ಕಲಾವಿದ ಪ್ರಶಸ್ತಿ ಕೊಟ್ಟರು. ಮೊದಲ ಆಲ್ಬಮ್ ಬಂದು ನಾಲ್ಕೂವರೆ ವರ್ಷ ಕಳೆದಿತ್ತು. ಹೊಸಬನಂತೆ! ಆವತ್ತು ನಕ್ಕವರಿಗೆ ರೋಗ ವಾಸಿಯಾಯಿತು, ಸಿಟ್ಟಾದವರು ಇನ್ನೂ ಔಷಧದಲ್ಲಿದ್ದಾರೆ.

ನುರಿತ ಬಳಕೆದಾರರಿಗೆ

ಕೈಪಿಡಿಯ ಈ ಭಾಗವನ್ನು ಹೆಚ್ಚಿನವರು ಓದುವುದಿಲ್ಲ, ಓದಬೇಕಾದದ್ದು ಇದೇ.

ಸಿಡಿ ಹೊರಬಂದ ಮೇಲೆ ವರ್ನನ್ನನಿಗೆ ಒಂದು ಕಷ್ಟ ಎದುರಾಯಿತು. ಕ್ಯಾಬಿನ್ನಿನಲ್ಲಿ ಹತ್ತು ಜನರಾಗಿದ್ದವನು ವೇದಿಕೆಗೆ ಹತ್ತಿದರೆ ಒಬ್ಬನೇ. ಆಗ ಓ ಕ್ಲೇರ್ ವಿಶ್ವವಿದ್ಯಾಲಯದಲ್ಲಿ ತಾಳವಾದ್ಯ ಕಲಿತಿದ್ದ ಶಾನ್ ಕೇರಿ ಎಂಬ ಹುಡುಗ ಈ ಹಾಡುಗಳನ್ನು ಮೈಸ್ಪೇಸ್ ಜಾಲತಾಣದಲ್ಲಿ ಕೇಳಿದ. ಕೇಳಿ ಸುಮ್ಮನಿರಲಿಲ್ಲ. ಕೂತು ಪ್ರತಿ ಹಾಡಿನ ಡ್ರಮ್ಮು, ಪ್ರತಿ ಪದರದ ದನಿ ಬಿಡಿಸಿಕೊಂಡು, ಬರೆದುಕೊಂಡು, ಬಾಯಿಪಾಠ ಮಾಡಿದ. ಊರಿನಲ್ಲಿ ವರ್ನನ್ ಬೋನ್ ಈವೇರ್ ಆಗಿ ಹಾಡಲು ಬಂದಾಗ ಹೋಗಿ, ನನಗೆ ಎಲ್ಲ ಹಾಡೂ ಬಾರಿಸಲು ಬರುತ್ತದೆ, ಹಾಡಲೂ ಬರುತ್ತದೆ ಅಂದ. ಬ್ಯಾಂಡಿಗೆ ಸೇರಿಕೊಂಡ. ಹಿಂದೊಮ್ಮೆ ವರ್ನನ್ನನ ಹತ್ತಿರ ಗಿಟಾರು ಪಾಠಕ್ಕೆ ಬರುತ್ತಿದ್ದ ಮೈಕ್ ನಾಯ್ಸ್ ಕೂಡ ಬಂದ. ಒಬ್ಬ ಕೇಳುಗ, ಒಬ್ಬ ಶಿಷ್ಯ. ಕ್ಯಾಬಿನ್ನಿನ ಕಥೆ ಅಷ್ಟು ಗೊತ್ತಿರುವ ನಮಗೆ ಕೇರಿಯ ಹೆಸರು ಯಾಕೆ ನಾಲಿಗೆಗೆ ಬರುವುದಿಲ್ಲ ಎಂದು ನನಗೆ ಈಗಲೂ ಅಚ್ಚರಿ. ಇಡೀ ಪ್ರಕರಣದಲ್ಲಿ ಆ ಆಲ್ಬಮ್ಮನ್ನು ಅವನಷ್ಟು ಸರಿಯಾಗಿ ಕೇಳಿದವರು ಇನ್ನೊಬ್ಬರು ಇರಲಾರರು. ಅವನ ಮೆಚ್ಚುಗೆಯಲ್ಲಿ ಒಂದು ವಿಶೇಷಣವೂ ಇರಲಿಲ್ಲ, ಇದ್ದದ್ದು ಎಲ್ಲಿ ಯಾರು ಯಾವ ಸ್ವರ ಹಿಡಿಯಬೇಕು ಎಂಬ ಲೆಕ್ಕ. ಮುಂದೆ 2010ರಲ್ಲಿ ಎಸ್. ಕೇರಿ ಎಂಬ ಹೆಸರಿನಲ್ಲಿ ತನ್ನದೇ ‘ಆಲ್ ವಿ ಗ್ರೋ’ ಆಲ್ಬಮ್ ತಂದ.

ಹಾಗಿದ್ದರೂ ‘ದಿ ವುಲ್ವ್ಸ್’ ಹಾಡಿಗೆ ಬ್ಯಾಂಡಿನ ಬಾಯಿಗಳು ಸಾಲುತ್ತಿರಲಿಲ್ಲ. ಅದರ ದ್ವಿತೀಯಾರ್ಧದಲ್ಲಿ ಒಂದೇ ಸಾಲು ಸುತ್ತಿ ಸುತ್ತಿ ಬಂದು, ದನಿಗಳು ಒಂದೊಂದಾಗಿ ಕೂಡಿ, ಡ್ರಮ್ಮು ಪಾತ್ರೆ ಉರುಳಿದಂತೆ ಸಿಡಿದು ಹೋಗುತ್ತದೆ. ಕಛೇರಿಗಳಲ್ಲಿ ವರ್ನನ್ ಅದಕ್ಕೆ ಸಭಿಕರನ್ನೇ ಕೇಳಿಕೊಂಡ: ಈ ಸಾಲನ್ನು ನೀವು ಹಾಡಿ, ಕೊನೆಗೆ ಕಿರುಚಿ. ಜನ ಹಾಡಿದರು, ಕಿರುಚಿದರು. ಭಜನೆಗೆ ಕೂತು ಅಭ್ಯಾಸವಿರುವ ನಮ್ಮ ಕಡೆಯ ಗ್ರಾಹಕರಿಗೆ ಇದರ ವಿಧಾನ ಬೇರೆ ಹೇಳಬೇಕಾಗಿಲ್ಲ, ತಾಳ ತಪ್ಪಿದರೂ ಪಕ್ಕದವರ ದನಿಯೊಳಗೆ ಮುಚ್ಚಿಹೋಗುತ್ತದೆ. ನಾಚಿಕೆಯಾಗುವವರು ಮನೆಯಲ್ಲಿ ಬಾಗಿಲು ಹಾಕಿಕೊಂಡು ಶುರು ಮಾಡಬಹುದು. ಆಲ್ಬಮ್ಮಿನಲ್ಲಿ ಆ ಸಾಲು ಬಂದಾಗ ಅತಿ ಕೆಳಗಿನ ದನಿಯನ್ನು ಹಿಡಿಯಿರಿ. ಮೇಲಿನದು ಬಲ್ಲವರಿಗೆ ಬಿಡಿ.

ಮಾರಾಟದ ನಂತರದ ಸೇವೆ

ಮುಂದಿನ ಆಲ್ಬಮ್ಮುಗಳಲ್ಲಿ ಕ್ಯಾಬಿನ್ ಇಲ್ಲ ಎಂಬ ದೂರು ಅತಿ ಹೆಚ್ಚು. 2011ರ ಎರಡನೆಯ ಆಲ್ಬಮ್ ತಯಾರಾದದ್ದು ಫಾಲ್ ಕ್ರೀಕ್ ಎಂಬ ಊರಿನ ಏಪ್ರಿಲ್ ಬೇಸ್ ಸ್ಟುಡಿಯೋದಲ್ಲಿ. ಅದು ಮೊದಲು ಪಶುವೈದ್ಯರ ಕ್ಲಿನಿಕ್ ಆಗಿದ್ದ ಕಟ್ಟಡ, ಪಕ್ಕದ ಈಜುಕೊಳ ಮುಚ್ಚಿ ಅದರ ಮೇಲೆ ಸ್ಟುಡಿಯೋ ಕಟ್ಟಿದರು. ಯಾವ ವಿಮರ್ಶಕನೂ ದನದ ಡಾಕ್ಟರ ಕೋಣೆಯನ್ನು ನೆನೆದು ಗದ್ಗದನಾದದ್ದು ಕಾಣೆ. 2016ರ ‘22, ಎ ಮಿಲಿಯನ್’ ಬಂದಾಗ ಹಾಡಿನ ಹೆಸರುಗಳಲ್ಲಿ ಅಂಕಿ, ಚಿಹ್ನೆ, ಅಡ್ಡಾದಿಡ್ಡಿ ಅಕ್ಷರಗಳು ತುಂಬಿ, ದನಿ ಯಂತ್ರದೊಳಗೆ ಹೊಕ್ಕು ಚೂರುಚೂರಾಗಿ ಹೊರಬಂದಿತು. ಗಿಟಾರಿನವನು ನಮಗೆ ದ್ರೋಹ ಮಾಡಿದ ಅಂದರು ಹಳೆಯ ಗ್ರಾಹಕರು. ಕಿವಿಯಿಂದ ಕೇಳಿದವರಿಗೆ ಆಶ್ಚರ್ಯವಾಗಲಿಲ್ಲ: ದನಿಯ ಮೇಲೆ ದನಿ ಪೇರಿಸುವ ಅದೇ ಹುಚ್ಚು ಅದು, ಉಪಕರಣ ಬದಲಾಗಿತ್ತು. ಆ ಆಲ್ಬಮ್ ನನಗೆ ಮೊದಲನೆಯದಕ್ಕಿಂತ ಇಷ್ಟ. ಇದು ಕಂಪನಿಯ ಅಧಿಕೃತ ಅಭಿಪ್ರಾಯವಲ್ಲ.

2024ರ ಅಕ್ಟೋಬರಿನಲ್ಲಿ ‘ಸೇಬಲ್’ ಎಂಬ ಚಿಕ್ಕ ಇಪಿ ಬಂತು. ಗಿಟಾರು, ಹತ್ತಿರದಿಂದ ಕೇಳುವ ದನಿ, ದುಃಖ, ಎಲ್ಲ ಇತ್ತು. ಕ್ಯಾಬಿನ್ ಮರಳಿತು ಎಂದು ಹಳೆಯ ಗ್ರಾಹಕರು ಉಣ್ಣೆ ಶಾಲು ಹೊರತೆಗೆದರು. ಆರು ತಿಂಗಳಲ್ಲಿ, 2025ರ ಏಪ್ರಿಲ್‌ನಲ್ಲಿ, ಅದರ ಉಳಿದ ಭಾಗವೂ ಸೇರಿ ಪೂರ್ತಿ ಆಲ್ಬಮ್ ಬಂತು. ಉಳಿದ ಭಾಗದ ತುಂಬ ಪ್ರೀತಿ ಕೈಗೂಡಿದವನ, ಬಿಸಿಲಿನಲ್ಲಿ ಕುಣಿಸುವ ಹಾಡುಗಳು. ಈ ನಡುವಿನ ಆರು ತಿಂಗಳಲ್ಲಿ ಗ್ರಾಹಕರು ಕೊಂಡು ಪೇರಿಸಿಟ್ಟ ಸೌದೆಗೆ ಕಂಪನಿ ಹೊಣೆಯಲ್ಲ. ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ.